ಹೊಳೆ ತುಂಬಿದ ದಿನ ಹುಟ್ಟು ಹಿಡಿದವನು

"ನಾನಿನ್ನೂ ಗಟ್ಟಿಯಾಗೇ ಇದೀನಲ್ಲ ಮೇಷ್ಟ್ರೇ, ನನ್ನ ಜಾಗಕ್ಕೆ ಈಗ್ಲೇ ಇನ್ನೊಬ್ಬನ್ನ ಯಾಕೆ ತಂದ್ರಿ?"

ನಿಂಗರಾಜು ಈ ಪ್ರಶ್ನೆಯನ್ನು ಎರಡು ವರ್ಷದಿಂದ ಮನಸ್ಸಿನಲ್ಲೇ ಅಗಿಯುತ್ತಿದ್ದ. ಅಂದು ಸಂಜೆ ಅಭ್ಯಾಸ ಮುಗಿದು, ಉಳಿದವರು ಕೈಕಾಲು ತೊಳೆದು ಮನೆ ಸೇರಿದ ಮೇಲೆ, ಅಂಗಳದ ಅಂಚಿನ ಕಲ್ಲುಬೆಂಚಿನ ಮೇಲೆ ಕೂತಿದ್ದ ರುದ್ರಯ್ಯ ಮೇಷ್ಟ್ರ ಮುಂದೆ ಅದನ್ನು ಹೊರಗೆ ಹಾಕಿದ. ತನ್ನ ಚೀಲದಲ್ಲಿ ಮಂಡಳಿಯ ಅಂಗಿ ಮಡಿಸಿಟ್ಟು ತಂದಿದ್ದ. ಉತ್ತರ ಸರಿ ಬಾರದಿದ್ದರೆ ಅಂಗಿಯನ್ನು ಅಲ್ಲೇ ಬೆಂಚಿನ ಮೇಲಿಟ್ಟು, ನಾಡಿದ್ದಿನ ಕೊನೆಯ ಪಂದ್ಯಕ್ಕೂ ಬಾರದೆ ಹೊರಟುಬಿಡುವುದೆಂದು ನಿರ್ಧರಿಸಿದ್ದ.

ರುದ್ರಯ್ಯ ಮೇಷ್ಟ್ರು ಆ ಊರಿನ ಖೋ ಖೋ ಮಂಡಳಿಯ ಗುರು. ನಿಂಗರಾಜು ಅವರ ಹಳೆಯ ಶಿಷ್ಯ. ಕಂಬಕ್ಕೆ ಹಾರುವುದರಲ್ಲಿ ಅವನದು ಎತ್ತಿದ ಕೈ. ಓಡುವವನು ಕಂಬ ಸುತ್ತಿ ತಪ್ಪಿಸಿಕೊಂಡೆ ಎಂದುಕೊಳ್ಳುವಷ್ಟರಲ್ಲಿ, ಇವನು ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನು ಗಾಳಿಗೆ ಚೆಲ್ಲಿ, ಇನ್ನೊಂದು ಕೈಯಿಂದ ಅವನನ್ನು ಮುಟ್ಟಿಬಿಡುತ್ತಿದ್ದ. ಎದುರಾಳಿಗಳು ಬೈದುಕೊಂಡೇ ಮೆಚ್ಚುತ್ತಿದ್ದರು.

ಆ ಜಿಲ್ಲೆಯಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಮಂಡಳಿಗಳೆಲ್ಲ ಒಂದೆಡೆ ಸೇರಿ, ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಸೋತು ಸುಣ್ಣವಾದವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಎರಡು ವರ್ಷದ ಹಿಂದೆ ಮೇಷ್ಟ್ರ ಸರದಿ ಬಂದಾಗ, ಅವರು ಒಳ್ಳೆಯ ಓಟಗಾರನನ್ನು ಕೇಳುತ್ತಾರೆಂದು ಎಲ್ಲರೂ ತಿಳಿದಿದ್ದರು. ಮಂಡಳಿಗೆ ಆಗ ಕೊರತೆ ಇದ್ದದ್ದು ಓಟಗಾರನದೇ. ಮೇಷ್ಟ್ರು ಚರಣ ಎಂಬ ಇಪ್ಪತ್ತರ ತರುಣನತ್ತ ಬೆರಳು ತೋರಿಸಿದರು. ಅವನು ಕಂಬಕ್ಕೆ ಹಾರುವವನು. ಹಾರುವವನು ಎಂದು ಹೇಳಬೇಕು ಅಷ್ಟೆ. ಹಾರಿದ್ದಕ್ಕಿಂತ ಮಣ್ಣು ಮುಕ್ಕಿದ್ದೇ ಹೆಚ್ಚು. ಕಂಬಕ್ಕೆ ಹಾರಲು ನಿಂಗರಾಜು ಇದ್ದ, ಅವನ ಹಿಂದೆ ಇನ್ನಿಬ್ಬರಿದ್ದರು. ಮೇಷ್ಟ್ರಿಗೆ ಅರಳುಮರಳು ಎಂದು ಮಂಡಳಿಯ ಹಿರಿಯರೇ ಆಡಿಕೊಂಡರು.

ನಿಂಗರಾಜುವಿಗೆ ನಗು ಬರಲಿಲ್ಲ. ಅವನಿಗೆ ಭಯವಾಯಿತು. ಆದರೆ ಅವನು ಕೆಟ್ಟ ಮನುಷ್ಯನಲ್ಲ. ಮೇಷ್ಟ್ರು ಕಲಿಸು ಎಂದಿದ್ದರು, ಕಲಿಸಿದ. ಕಂಬವನ್ನು ಎಲ್ಲಿ ಹಿಡಿಯಬೇಕು, ಯಾವ ಕಾಲು ಮೊದಲು ಬಿಡಬೇಕು, ಬಿದ್ದರೆ ಭುಜ ಹೇಗೆ ಉಳಿಸಿಕೊಳ್ಳಬೇಕು, ಬೆಳಗ್ಗೆ ಬೆಳಗ್ಗೆ ಎಲ್ಲವನ್ನೂ ಹೇಳಿಕೊಟ್ಟ. ಪಂದ್ಯದಲ್ಲಿ ಮಾತ್ರ ಬೇರೆ ನಡೆಯುತ್ತಿತ್ತು. ಆಟದ ನಿಯಮ ಎಲ್ಲರಿಗೂ ಗೊತ್ತಿರುವುದೇ: ಅಟ್ಟಿಸಿಕೊಂಡು ಹೋಗುವವನು ಕೂತವನ ಬೆನ್ನು ಮುಟ್ಟಿ ಖೋ ಎಂದರೆ, ಕೂತವನು ಎದ್ದು ಓಡಬೇಕು, ಖೋ ಕೊಟ್ಟವನು ಎದ್ದವನ ಚೌಕದಲ್ಲಿ ಕೂರಬೇಕು. ಚರಣ ಕಂಬದ ಪಕ್ಕದ ಚೌಕದಲ್ಲಿ ಮೈಯೆಲ್ಲ ಬೆನ್ನಾಗಿಸಿಕೊಂಡು ಕಾಯುತ್ತಿದ್ದ. ನಿಂಗರಾಜು ಅವನ ಹಿಂದಿನಿಂದ ಬರುತ್ತಿದ್ದ, ಖೋ ಕೊಡದೆ ದಾಟುತ್ತಿದ್ದ, ತಾನೇ ಕಂಬಕ್ಕೆ ಹಾರುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಪ್ರಶ್ನೆ ಕೇಳಿಸಿಕೊಂಡ ಮೇಷ್ಟ್ರು ಅವನ ಚೀಲದ ಕಡೆ ನೋಡಿದರು.

"ಅವನಿಗೆ ಕಲಿಸಿದ್ದೀಯಾ?"

"ಒಂದೂ ಬಿಡದೆ ಕಲಿಸಿದೀನಿ. ಬೇಕಾದ್ರೆ ಅವನನ್ನೇ ಕೇಳಿ."

"ಕೇಳೋದೇನೂ ಬೇಡ. ಒಂದು ಕತೆ ಹೇಳ್ತೀನಿ, ಕೂತ್ಕೊ."

ನಿಂಗರಾಜು ಕೂತ. ಚೀಲವನ್ನು ಮಾತ್ರ ತೊಡೆಯ ಮೇಲಿಂದ ಇಳಿಸಲಿಲ್ಲ. ಮೇಷ್ಟ್ರು ಹೇಳಿದ ಕತೆ ಇದು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಆ ಹೊಳೆಗೆ ಸೇತುವೆ ಇರಲಿಲ್ಲ. ಆಚೆ ದಡಕ್ಕೆ ಹೋಗಬೇಕಾದವರಿಗೆ ಅವನ ಹರಿಗೋಲೇ ಗತಿ. ನಡುಹೊಳೆಯಲ್ಲಿ ಒಂದು ಕರಿಬಂಡೆ ಇತ್ತು. ಬೇಸಿಗೆಯಲ್ಲಿ ಅದರ ಮೇಲೆ ನೀರುಕಾಗೆ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಹೊಳೆ ತುಂಬಿದಾಗ ಬಂಡೆ ಮುಳುಗಿ, ಅಲ್ಲಿ ಸುಳಿ ಏಳುತ್ತಿತ್ತು. ಆ ಸುಳಿಯ ಬಾಯಿಗೆ ಬಂದಾಗ ಹುಟ್ಟು ಹಾಕಬಾರದು, ಎತ್ತಿ ಹಿಡಿಯಬೇಕು. ಆಗ ನೀರೇ ಹರಿಗೋಲನ್ನು ಒಂದು ಸುತ್ತು ತಿರುಗಿಸಿ ಆಚೆ ನೂಕುತ್ತದೆ. ಹೆದರಿ ಹುಟ್ಟು ಹಾಕಿದವನನ್ನು ಅದು ಬಿಡುವುದಿಲ್ಲ. ಅಂಬಿಗನಿಗೆ ಇದು ಅಪ್ಪನಿಂದ ಬಂದ ವಿದ್ಯೆ.

ಆ ಊರಿನ ಪಟೇಲ ಮುಂದಿನದನ್ನು ನೋಡುವ ಮನುಷ್ಯ. ಅಂಬಿಗನ ತೋಳು ಕಬ್ಬಿಣದಂತಿರುವಾಗಲೇ ಒಬ್ಬ ಯುವಕನನ್ನು ಕರೆತಂದು ಅವನ ಮುಂದೆ ನಿಲ್ಲಿಸಿದ. ಅಂಬಿಗನ ಮುಖ ಸಣ್ಣದಾಯಿತು.

"ಯಾಕೆ ಗೌಡ್ರೇ, ನನ್ನ ಕೈಯೇನು ಬಿದ್ದೋಯ್ತಾ?"

"ಬಿದ್ದೋದ ಮೇಲೆ ಹುಡುಕೋಕಾಯ್ತದಾ? ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡ್ದಂಗಾಯ್ತದೆ ಕಣಪ್ಪ. ಈ ವರ್ಷ ಇವನು ಬರೀ ನೋಡ್ಲಿ. ಬರೋ ವರ್ಷ ಇಳಿನೀರಲ್ಲಿ ಹುಟ್ಟು ಹಾಕ್ಲಿ. ಅದರಾಚೆ ವರ್ಷ ಹೊಳೆ ತುಂಬ್ದಾಗ ಇವನೇ ದಾಟಿಸ್ಲಿ, ನೀನು ಪಕ್ಕದಲ್ಲಿ ಕೂತಿರು."

ಅಂಬಿಗ ಒಪ್ಪಿದ. ಮೊದಲ ವರ್ಷ ಯುವಕ ನೋಡಿದ. ಎರಡನೆಯ ವರ್ಷ ಇಳಿನೀರಿನಲ್ಲಿ ಹುಟ್ಟು ಹಾಕಿದ. ಅಂಬಿಗ ಅವನಿಗೆ ಏನನ್ನೂ ಮುಚ್ಚಿಡಲಿಲ್ಲ. ಬೇಸಿಗೆಯಲ್ಲಿ ಬಂಡೆಯ ಬಳಿಗೆ ಕರೆದೊಯ್ದು, ಸುಳಿ ಎಲ್ಲಿ ಏಳುತ್ತದೆ, ಹುಟ್ಟನ್ನು ಯಾವಾಗ ಎತ್ತಬೇಕು ಎಂದು ತೋರಿಸಿದ. ಯುವಕ ಪಾಠ ಒಪ್ಪಿಸುವವನ ಹಾಗೆ ತಿರುಗಿ ಹೇಳಿದ. ಒಂದಕ್ಷರ ತಪ್ಪಲಿಲ್ಲ.

ಮೂರನೆಯ ವರ್ಷ ಹೊಳೆ ತುಂಬಿತು. ಯುವಕ ಹುಟ್ಟಿಗೆ ಕೈ ಚಾಚಿದ. ಅಂಬಿಗ, ಇವತ್ತು ಬೇಡ, ಜನರ ಜೀವದ ಮಾತು, ಎಂದು ತಾನೇ ಹಿಡಿದ. ಆ ಮಾತು ಸುಳ್ಳಲ್ಲ. ಅದರ ತೊಂದರೆಯೂ ಅದೇ. ದಡದಲ್ಲಿ ನಿಂತವರೂ ನೀನೇ ಬಾರಪ್ಪ, ನೀನಿದ್ದರೆ ಧೈರ್ಯ ಎನ್ನುತ್ತಿದ್ದರು. ಕೇಳಲು ಅವನಿಗೆ ಹಿತವಾಗುತ್ತಿತ್ತು. ಯಾರಿಗೆ ತಾನೇ ಆಗುವುದಿಲ್ಲ? ನಾಲ್ಕನೆಯ ವರ್ಷವೂ ಹಾಗೇ ಆಯಿತು. ಹೊಳೆ ತುಂಬಿದ ದಿನಗಳಲ್ಲಿ ಯುವಕ ದಡದಲ್ಲಿ ನಿಂತು ಹಗ್ಗ ಸುತ್ತುತ್ತಿದ್ದ. ಒಮ್ಮೆಯೂ ಎದುರು ಮಾತಾಡಲಿಲ್ಲ. ಪಟೇಲ ಒಂದೆರಡು ಸಲ ಕೇಳಿ ನೋಡಿ, ಕೊನೆಗೆ ಕೇಳುವುದನ್ನು ಬಿಟ್ಟ.

ಮರುವರ್ಷ ಮಳೆಗಾಲದಲ್ಲಿ ಅಂಬಿಗ ಹರಿಗೋಲನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದ. ಭುಜದ ಕೀಲು ತಪ್ಪಿತು. ನಾಟಿ ವೈದ್ಯ ಕಟ್ಟು ಕಟ್ಟಿ, ಕೈ ಎತ್ತಬೇಡ ಎಂದ. ಕಟ್ಟು ಬಿಚ್ಚುವ ಮೊದಲೇ ಹೊಳೆ ಎರಡೂ ದಡ ಮುಟ್ಟಿ ಹರಿಯತೊಡಗಿತು.

ಅಂಬಿಗನ ಮಗಳನ್ನು ಆಚೆ ದಡದ ಊರಿಗೆ ಕೊಟ್ಟಿತ್ತು. ಅವಳು ತುಂಬು ಬಸುರಿ. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಹೊತ್ತು ಬಂದರೆ ಬಟ್ಟೆ ಬೀಸುವುದೆಂದು ಮಾತಾಗಿತ್ತು. ಒಂದು ಬೆಳಗ್ಗೆ ಅಳಿಯ ಆಚೆ ದಡದಲ್ಲಿ ನಿಂತು ಎರಡೂ ಕೈಯಲ್ಲಿ ಬಟ್ಟೆ ಬೀಸಿದ. ಬೀಸುತ್ತಲೇ ಇದ್ದ. ಹೆರಿಗೆ ಕಷ್ಟದ್ದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಸೂಲಗಿತ್ತಿ ಹರಿಗೋಲು ಹತ್ತಿದಳು. ಅಂಬಿಗ ಕಟ್ಟಿದ ಕೈಯಲ್ಲೇ ಅವಳ ಪಕ್ಕ ಕೂತ. ಹುಟ್ಟನ್ನು ಯುವಕ ಹಿಡಿದ. ತುಂಬಿದ ಹೊಳೆಯಲ್ಲಿ ಅವನು ಹುಟ್ಟು ಹಿಡಿದದ್ದು ಅದೇ ಮೊದಲು. ಅರ್ಧ ಹೊಳೆಯವರೆಗೆ ಚೆನ್ನಾಗಿಯೇ ದಾಟಿಸಿದ. ಬಂಡೆಯ ಬಳಿ ಬಂದಾಗ ಅಂಬಿಗ ಎತ್ತು ಎಂದು ಕೂಗಿದ. ಯುವಕನಿಗೆ ಕೇಳಿಸಿತು. ಕೂಗುವ ಮೊದಲೇ ಅವನಿಗೆ ಗೊತ್ತಿತ್ತು. ಆದರೆ ಕಿವಿ ಕಲಿತದ್ದನ್ನು ಕೈ ಕಲಿತಿರಲಿಲ್ಲ. ಸುಳಿಯ ಬಾಯಿ ಕಂಡೊಡನೆ ಕೈ ತನ್ನಷ್ಟಕ್ಕೆ ತಾನೇ ಹುಟ್ಟು ಹಾಕಿತು.

ಹರಿಗೋಲು ವಾಲಿ ಅರ್ಧಕ್ಕೆ ನೀರು ತುಂಬಿತು. ಸುಳಿ ಅದನ್ನು ಗಿರಗಿರನೆ ತಿರುಗಿಸಿ, ಬಹಳ ಕೆಳಗೆ, ಹೊರಟ ದಡಕ್ಕೇ ತಂದು ಜೊಂಡಿನಲ್ಲಿ ಒಗೆಯಿತು. ಮೂವರ ಜೀವ ಉಳಿಯಿತು. ನೀರು ಇಳಿಯುವವರೆಗೆ ಇನ್ನೊಮ್ಮೆ ಹೊಳೆಗಿಳಿಯುವಂತಿರಲಿಲ್ಲ. ಸೂಲಗಿತ್ತಿ ಆಚೆ ದಡ ಸೇರಿದಾಗ ಮರುದಿನವಾಗಿತ್ತು. ಮಗಳು ಬದುಕಿದ್ದಳು. ಮಗು ಉಳಿದಿರಲಿಲ್ಲ.

ಅಂಬಿಗ ಮಗಳ ತಲೆ ಸವರಿದ. ಅವಳು ಅವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಯುವಕ ಮಾತ್ರ ಬಂದು ಹುಟ್ಟನ್ನು ಅವನ ಕಾಲ ಬಳಿ ಇಟ್ಟ. "ನನ್ ಕೈಲಿ ಆಗ್ಲಿಲ್ಲ ಮಾವ. ನಾನು ಊರು ಬಿಟ್ಟೋಯ್ತೀನಿ" ಎಂದ. ಅವನ ಕಣ್ಣು ಕೆಂಪಾಗಿತ್ತು. ಅಂಬಿಗ ನೆಟ್ಟಗಿದ್ದ ಒಂದು ಕೈಯಿಂದ ಹುಟ್ಟನ್ನು ಎತ್ತಿ, ಮತ್ತೆ ಅವನ ಕೈಗೇ ಇಟ್ಟ.

"ನಿನ್ ಕೈಲಿ ಆಗ್ಲಿಲ್ಲ ಅಂತಲ್ಲ ಕಣ್ ಮಗ. ನಾನು ಬಿಡ್ಲಿಲ್ಲ."

ಮುಂದಿನ ವರ್ಷ ಹೊಳೆ ತುಂಬಿದ ದಿನ ಅಂಬಿಗನ ಭುಜ ಸರಿಯಾಗಿತ್ತು. ದಡದ ಜನ ಎಂದಿನಂತೆ ನೀನೇ ಬಾರಪ್ಪ ಎಂದರು. ಅವನು ಹುಟ್ಟನ್ನು ಯುವಕನ ಕೈಗೆ ಕೊಟ್ಟು ಹರಿಗೋಲಿನೊಳಗೆ ಕೂತ.

ಮೇಷ್ಟ್ರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ನಿಂಗರಾಜು ಅಂಗಳದ ಕಡೆ ನೋಡುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ಆದರೂ ಕಂಬದ ಪಕ್ಕದ ಚೌಕದಲ್ಲಿ ಒಂದು ಬೆನ್ನು ಅವನಿಗೆ ಕಾಣುತ್ತಿತ್ತು. ಎರಡು ವರ್ಷ ಎಷ್ಟು ಸಲ ಆ ಬೆನ್ನನ್ನು ದಾಟಿದ್ದೆ ಎಂದು ಯೋಚಿಸಿದ. ಒಂದು ಸಲವೂ ಆ ಬೆನ್ನು ತಿರುಗಿ ಯಾಕಣ್ಣ ಎಂದು ಕೇಳಿರಲಿಲ್ಲ. ಚರಣನ ಮೇಲೆ ಅವನಿಗೆ ಕನಿಕರ ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಭಯ ಮಾತ್ರ ಇನ್ನೂ ಹೋಗಿರಲಿಲ್ಲ. ಅದು ಅಷ್ಟು ಸುಲಭಕ್ಕೆ ಹೋಗುವಂಥದ್ದೂ ಅಲ್ಲ. ಅವನು ಚೀಲದ ಮೇಲಿನ ಹಿಡಿತ ಬಿಗಿ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದ.

"ಅವನೇ ಎದ್ದು ಓಡಿದ ಮೇಲೆ, ನನಗೆ ಜಾಗ ಎಲ್ಲಿ ಮೇಷ್ಟ್ರೇ?"

ಮೇಷ್ಟ್ರು ಪಂಚೆಗೆ ಅಂಟಿದ್ದ ಸುಣ್ಣದ ಪುಡಿಯನ್ನು ಕೊಡವಿಕೊಂಡು ಎದ್ದರು. ಹೋಗುವ ಮುನ್ನ ಅವನ ಬೆನ್ನಿನ ಮೇಲೆ ಕೈಯಿಟ್ಟರು.

"ಖೋ ಕೊಟ್ಟವನು ಅಂಗಳ ಬಿಟ್ಟು ಹೋಗಿದ್ದನ್ನ ಎಂದಾದ್ರೂ ನೋಡಿದ್ದೀಯೇನೋ, ನಿಂಗರಾಜು?"

ನಿಂಗರಾಜು ಅಂಗಿಯಿದ್ದ ಚೀಲವನ್ನು ಬಿಚ್ಚದೆ ಹೆಗಲಿಗೇರಿಸಿಕೊಂಡು ಎದ್ದ.