ಮಳೆಯಣ್ಣ ಮಾತು ಬಿಟ್ಟದ್ದು ಯಾಕೆ

ಭೂಮಿ ಆಗಿನ್ನೂ ಹೊಸದು. ಆಕಾಶಕ್ಕೆ ಬಳಿದ ನೀಲಿ ಪೂರ್ತಿ ಒಣಗಿರಲಿಲ್ಲ. ಗುಡ್ಡಗಳು ಎಲ್ಲಿ ಕೂರುವುದೆಂದು ಇನ್ನೂ ಜಾಗ ನೋಡುತ್ತಿದ್ದವು. ಆ ಕಾಲದಲ್ಲಿ ಗಾಳಿ, ಹೊಳೆ, ಮಳೆ ಎಲ್ಲರೂ ಮಾತಾಡುತ್ತಿದ್ದರು. ಅದೂ ನಮ್ಮ ನಿಮ್ಮ ಹಾಗೆಯೇ, ಊಟ ಆಯ್ತಾ, ಮಗು ಹುಷಾರಾಗಿದೆಯಾ ಅಂತ. ಈಗಿನ ಮಳೆಯನ್ನು ಕಂಡವರು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಕತೆಗೇನೂ ನಷ್ಟವಿಲ್ಲ.

ಬಯಲಿನಲ್ಲಿ ಒಂದು ಊರು. ಆ ಊರಿನ ಕೊನೆಯ ಮನೆ ಕುಂಬಾರ ಮಾಕವ್ವನದು. ಅವಳಿಗೆ ತನ್ನವಳು ಅಂತ ಇದ್ದವಳು ಒಬ್ಬಳೇ ಮೊಮ್ಮಗಳು, ಕೆಂಚಿ. ಒಡಹುಟ್ಟಿದವರು ಯಾರೂ ಇರಲಿಲ್ಲ. ಹಾಗಾಗಿ ಮಾಕವ್ವ ಮಳೆಯನ್ನೇ ಅಣ್ಣ ಅಂದಳು, ಮಳೆಯೂ ಅವಳನ್ನು ತಂಗಿ ಅಂದ. ಕೇಳಿ ಕೇಳಿ ಊರಿಗೆಲ್ಲ ಅವನು ಮಳೆಯಣ್ಣನಾದ.

ಮನೆಗೆ ಬಂದ ಅಣ್ಣನನ್ನು ಯಾರಾದರೂ ನಿಲ್ಲಿಸಿಯೇ ಕಳಿಸುತ್ತಾರೆಯೇ? ಕೂರಲು ಮಣೆ ಹಾಕಬೇಡವೇ? ಮಾಕವ್ವ ಅಗಲ ಬಾಯಿಯ ಮಡಕೆ ಮಾಡಿ, ಹದವಾಗಿ ಸುಟ್ಟು, ಅಂಗಳದಲ್ಲಿ ಬಾಯಿ ಮೇಲಾಗಿ ಇಟ್ಟಳು. ಸುರಿದು ಸುರಿದು ಸುಸ್ತಾದ ಮಳೆಯಣ್ಣ ಅದರಲ್ಲಿ ಕೂತ. ಅದನ್ನು ನೋಡಿದ ಪಕ್ಕದ ಮನೆಯವರು ತಮಗೂ ಒಂದು ಮಡಕೆ ಒಯ್ದರು, ಎದುರು ಮನೆಯವರೂ ಒಯ್ದರು. ಕೊನೆಗೆ ಅಂಗಳಕ್ಕೊಂದು ಅಣ್ಣನ ಮಡಕೆ ಆಯಿತು. ಅದರ ನೀರನ್ನು ಯಾರೂ ಚೆಲ್ಲುವ ಹಾಗಿರಲಿಲ್ಲ. ಮಳೆಗಾಲ ಮುಗಿದು ಅವನಾಗಿ ಎದ್ದು ಹೋಗುವ ತನಕ ಅದು ಅವನ ಮಣೆ.

ಎಂಥಾ ಸಂಜೆಗಳು ಅವು! ಹಟ್ಟಿಯಲ್ಲಿ ದನ ಕಟ್ಟಿ, ಕೈಕಾಲು ತೊಳೆದು, ಜನ ಮಡಕೆಯ ಸುತ್ತ ಕೂರುತ್ತಿದ್ದರು. ಮಳೆಯಣ್ಣ ಸಮುದ್ರದ ಸುದ್ದಿ ಹೇಳುತ್ತಿದ್ದ, ದಾರಿಯಲ್ಲಿ ಮೋಡಗಳು ಆಡಿದ ಜಗಳ ಹೇಳುತ್ತಿದ್ದ. ಕೆಂಚಿ ಮಡಕೆಯ ಅಂಚಿಗೆ ಗದ್ದ ಊರಿ ಕೂರುತ್ತಿದ್ದಳು.

“ಮಳೆತಾತಾ, ಸಮುದ್ರಕ್ಕೆ ಆಚೆ ದಡ ಇದೆಯಾ?”

“ಇದೆಯಂತೆ ಮಗಳೇ. ನಾನೂ ಹೋಗಿಲ್ಲ. ಅಷ್ಟು ದೂರ ಹೋಗಿ ಬರೋದು ತಡವಾದರೆ ನಿಮ್ಮಜ್ಜಿ ಬಯ್ತಾಳೆ.”

ಮಾಕವ್ವ ಬಯ್ಯುವವಳೇ ಸರಿ. ಆದರೆ ಮಳೆಯಣ್ಣ ಹಾಗೆ ಅಂದಾಗ ಅವಳ ಮುಖ ಅರಳುತ್ತಿತ್ತು. ಬಿಸಿಲುಗಾಲವಿಡೀ ಅವಳು ಆ ಸಂಜೆಗಳಿಗೆ ಕಾಯುತ್ತಿದ್ದಳು.

ಒಂದು ದಿನ ಸೊಳ್ಳೆ ಅಂಗಳಕ್ಕೆ ಬಂದಳು.

“ಮಾಕವ್ವಾ, ನನ್ನ ಮಕ್ಕಳಿಗೆ ತೊಟ್ಟಿಲು ಕಟ್ಟೋಕೆ ಎಲ್ಲೂ ಜಾಗ ಇಲ್ಲ. ಹೊಳೆಗೆ ಹೋದರೆ ಹೊಳೆ ನಿಲ್ಲೋದೇ ಇಲ್ಲ, ಕೊಚ್ಚಿಕೊಂಡು ಹೋಗ್ತಾಳೆ. ಗುಡ್ಡಕ್ಕೆ ಹೋದರೆ ಗಾಳಿ ತಳ್ಳಿಬಿಡ್ತಾನೆ. ನಿಮ್ಮಣ್ಣನ ಮಡಕೆಯಲ್ಲಿ ಒಂದು ಮೂಲೆ ಕೊಡವ್ವಾ.”

ದುಂಡು ಮಡಕೆಗೆ ಮೂಲೆ ಎಲ್ಲಿಂದ ಬರಬೇಕು? ಮಾಕವ್ವನಿಗೆ ನಗು ಬಂತು. “ಇರು ಹೋಗು, ಅದಕ್ಕೇನಂತೆ” ಅಂದಳು. ಮಕ್ಕಳೊಂದಿಗಳಿಗೆ ಇಲ್ಲ ಅನ್ನುವ ಜೀವ ಅಲ್ಲ ಅವಳದು.

ಊರಾಚೆಯ ಪೊದೆಯಲ್ಲಿ ಚಳಿಜ್ವರ ಬಿದ್ದುಕೊಂಡಿತ್ತು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಬಿರುಬಿಸಿಲು ಬಂದರೆ ಬಾಡುತ್ತಿತ್ತು, ಮಾಗಿಯ ಚಳಿ ಬಂದರೆ ಮರಗಟ್ಟುತ್ತಿತ್ತು. ಮಳೆಗಾಲದ ಬೆಚ್ಚನೆಯ ಒದ್ದೆ ಹವೆಯಲ್ಲಿ ಮಾತ್ರ ಕಣ್ಣು ಬಿಡುತ್ತಿತ್ತು. ಆ ಸಲ ಕಣ್ಣು ಬಿಟ್ಟರೆ ಎದುರಿಗೇ ಸೊಳ್ಳೆಯ ದೊಡ್ಡ ಸಂಸಾರ ಹಾರಾಡುತ್ತಿತ್ತು. “ನನ್ನನ್ನೂ ಊರ ಕಡೆ ಹೊತ್ತುಕೊಂಡು ಹೋಗ್ರವ್ವಾ” ಎಂದು ಬೇಡಿಕೊಂಡಿತು. ಸೊಳ್ಳೆಗಳ ಬುದ್ಧಿ ಎಷ್ಟಿದ್ದೀತು, ಹೊತ್ತುಕೊಂಡವು.

ಮೊದಲು ಎದುರು ಮನೆಯ ಯಜಮಾನ ನಡುಗಿದ. ಆಮೇಲೆ ಅವನ ಹೆಂಡತಿ ಮಲಗಿದಳು. ಆಮೇಲೆ ಕೆಂಚಿ.

ಮಾಕವ್ವ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರೂ ಮಗುವಿನ ಹಲ್ಲು ಕಟಕಟ ಅನ್ನುವುದು ನಿಲ್ಲಲಿಲ್ಲ. ನಡುಕ ನಿಂತರೆ ಮೈ ಮಡಕೆ ಸುಡುವ ಒಲೆಯ ಹಾಗೆ ಕಾಯುತ್ತಿತ್ತು. ಗಂಜಿ ಕುಡಿಸಿದರೆ ಗಂಟಲಿಗೆ ಇಳಿಯುತ್ತಿರಲಿಲ್ಲ.

ಊರವರು ಸೇರಿ ಯೋಚಿಸಿದರು. “ಮಳೆಯಣ್ಣನಿಗೆ ಎಲ್ಲೋ ಬೇಜಾರಾಗಿದೆ. ಮರ್ಯಾದೆ ಸಾಲಲಿಲ್ಲವೋ ಏನೋ. ಇನ್ನೊಂದೊಂದು ಮಡಕೆ ಇಡೋಣ” ಅಂದರು. ಮಾಕವ್ವ ಕೆಂಚಿಯ ತಲೆಗೆ ಒದ್ದೆ ಬಟ್ಟೆ ಹಾಕಿ ಬಂದು ಮಡಕೆ ಮಾಡಿದಳು, ಮತ್ತೆ ಹೋಗಿ ಬಟ್ಟೆ ಬದಲಿಸಿ ಬಂದು ಮತ್ತೆ ಮಾಡಿದಳು. ಅಂಗಳಗಳಲ್ಲಿ ಮಡಕೆ ಹೆಚ್ಚಿದವು. ಮನೆಗಳಲ್ಲಿ ನರಳುವವರೂ ಹೆಚ್ಚಿದರು. ಕೆಂಚಿಗೆ ಎದ್ದು ಕೂರುವ ಶಕ್ತಿಯೂ ಉಳಿಯಲಿಲ್ಲ.

ಮಗುವನ್ನು ನೋಡಿಕೊಂಡು ಹೋಗಲು ಗುಡ್ಡದಿಂದ ಗಾಳಿ ಇಳಿದು ಬಂದ. ಅವನನ್ನು ಕಂಡದ್ದೇ ಮಾಕವ್ವನಿಗೆ ಅಳು ಒತ್ತರಿಸಿ ಬಂತು.

“ನಿನ್ನ ಗುಡ್ಡದ ಮೇಲಿನ ಜನ ಹೇಗಿದ್ದಾರಪ್ಪಾ? ಅವರೂ ಹೀಗೇ ನಡುಗ್ತಾ ಇದ್ದಾರಾ?”

“ಇಲ್ಲ ಮಾಕವ್ವಾ. ಒಬ್ಬರೂ ಮಲಗಿಲ್ಲ.”

“ಅಲ್ಲೂ ಅದೇ ಮಳೆ ತಾನೇ?”

“ಅದೇ ಮಳೆ. ಆದರೆ ಅಲ್ಲಿ ಬರೀ ಬಂಡೆ ಇಳಿಜಾರು, ನಿಮ್ಮಣ್ಣನಿಗೆ ಕೂರೋಕೆ ಜಾಗ ಇಲ್ಲ, ಬಂದವನು ಹಾಗೇ ಹರಿದು ಹೋಗ್ತಾನೆ. ಇಲ್ಲಿ ಕೂರ್ತಾನೆ. ಬೇಸಿಗೆಯಲ್ಲಿ ಈ ಮಡಕೆಗಳು ಒಣಗಿ ಬಿದ್ದಿರ್ತಾವಲ್ಲ, ಆಗ ಯಾರಾದರೂ ಹೀಗೆ ನಡುಗಿದ್ದು ಉಂಟಾ, ನೀನೇ ಹೇಳು.”

ಮಾಕವ್ವನಿಗೆ ಸಿಟ್ಟು ಬಂತು. “ನಮ್ಮಣ್ಣನ ಮೇಲೆ ಗೂಬೆ ಕೂರಿಸಬೇಡ” ಅಂದಳು.

“ಅಣ್ಣನ ತಪ್ಪು ಅಂದೆನಾ ನಾನು? ಅವನು ಕೂತಿರೋ ಜಾಗದಲ್ಲಿ ಈ ಸಲ ಇನ್ಯಾರು ಸೇರಿಕೊಂಡಿದ್ದಾರೆ, ಬಗ್ಗಿ ನೋಡು.”

ಮಾಕವ್ವ ಅಂಗಳಕ್ಕೆ ಹೋಗಿ ಬಗ್ಗಿದಳು. ನೀರಿನಲ್ಲಿ ಸೊಳ್ಳೆಯ ಮರಿಗಳು ಮಿಜಿಗುಡುತ್ತ ಬಳುಕುತ್ತಿದ್ದವು. ಅವಳು ನೋಡುತ್ತಿದ್ದ ಹಾಗೇ ಒಂದಕ್ಕೆ ರೆಕ್ಕೆ ಬಂತು. ಅದು ಪೊದೆಯ ಕಡೆ ಹೋಯಿತು, ಚಳಿಜ್ವರವನ್ನು ಬೆನ್ನಿಗೇರಿಸಿಕೊಂಡು ಮರಳಿತು, ಕೆಂಚಿ ಮಲಗಿದ್ದ ಕೋಣೆಯೊಳಗೆ ನುಗ್ಗಿತು. ಮಾಕವ್ವನಿಗೆ ಎಲ್ಲ ಗೊತ್ತಾಯಿತು. ಇವೆಲ್ಲ ತಾನೇ ಕೈಯಾರೆ ಮಾಡಿದ ಮಡಕೆಗಳು.

ಅವಳು ಅಲ್ಲೇ ಕೂತು ಮಡಕೆಯ ಅಂಚು ಹಿಡಿದಳು.

“ಅಣ್ಣಾ, ಕೇಳಿಸಿತಾ?”

“ಕೇಳಿಸಿತು ತಂಗೀ.”

“ನಿನ್ನನ್ನ ಎಬ್ಬಿಸಬೇಕು. ಹೇಗೆ ಹೇಳಲಿ ನಾನು?”

“ನೀನು ಮಡಕೆ ಬೋರಲು ಹಾಕಿದರೆ ನಾನು ಬರೋದನ್ನೇನೂ ಬಿಡಲ್ಲ” ಅಂದ ಮಳೆಯಣ್ಣ. “ಆದರೆ ಕೂರೋ ಹಾಗಿಲ್ಲ. ಕೂತರೆ ತಾನೇ ನನಗೆ ಮಾತು ಬರೋದು. ಇನ್ನು ಮೇಲೆ ಬಂದರೂ ನಿನ್ನ ಹತ್ತಿರ ಮಾತಾಡೋಕೆ ಆಗಲ್ಲ.”

“ನಿನ್ನ ಮಾತಿಲ್ಲದೆ ನಾನು ಹೇಗಿರಲಿ ಅಣ್ಣಾ?”

“ಕೆಂಚಿಯ ಮಾತು ಇರಬೇಕಲ್ಲ. ನನ್ನನ್ನ ಎಬ್ಬಿಸು.”

ತವರಿನವರನ್ನು ಬರಿಗೈಲಿ ಕಳಿಸುವ ಪದ್ಧತಿ ಇಲ್ಲ, ದಾರಿಗೆ ಬುತ್ತಿ ಕಟ್ಟಬೇಕು. ಮಗು ಮಲಗಿದಾಗಿನಿಂದ ಮಾಕವ್ವ ರೊಟ್ಟಿ ತಟ್ಟಿರಲಿಲ್ಲ. ಮನೆಯಲ್ಲಿ ಏನೂ ಇರಲಿಲ್ಲ. ಅವಳು ತನ್ನ ಕೈಗಳನ್ನು ನೋಡಿಕೊಂಡಳು, ಮೊಣಕೈವರೆಗೂ ಮಣ್ಣು.

“ಕೊಡೋಕೆ ಈ ಮಣ್ಣಿನ ವಾಸನೆ ಬಿಟ್ಟರೆ ಏನೂ ಇಲ್ಲ ಅಣ್ಣಾ. ಇದನ್ನೇ ಕಟ್ಟಿಕೊಂಡು ಹೋಗು” ಅಂದಳು. ಕಣ್ಣೊರೆಸಿಕೊಂಡು, ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ ಬೋರಲು ಹಾಕಿದಳು.

ಮಳೆಯಣ್ಣ ಅಂಗಳ ದಾಟಿ, ಬೀದಿ ದಾಟಿ ಹೊಳೆಯ ಕಡೆ ಹರಿದು ಹೋದ. ಊರವರು ಮೊದಲು ರೇಗಿದರು, ಇವಳಿಗೆ ತಲೆ ಕೆಟ್ಟಿದೆ ಅಂದರು. ಮಾಕವ್ವ ಬಗ್ಗಿ ನೋಡಿ ಅಂದಳು, ಅವರೂ ಬಗ್ಗಿ ನೋಡಿದರು, ಒಂದೊಂದೇ ಮಡಕೆ ಬೋರಲಾಯಿತು. ತೊಟ್ಟಿಲು ತಪ್ಪಿದ ಸೊಳ್ಳೆ ಗುಯ್ಯೆಂದು ಗೊಣಗುತ್ತ ನಿಂತ ನೀರು ಹುಡುಕಿಕೊಂಡು ಹೋದಳು. ಊರಲ್ಲಿ ಉಳಿದ ಸೊಳ್ಳೆಗಳನ್ನು ಗಾಳಿ ಗುಡಿಸಿದ. ಹೊರುವವರಿಲ್ಲದೆ ಚಳಿಜ್ವರ ಪೊದೆಯಲ್ಲೇ ಬಿದ್ದುಕೊಂಡಿತು. ಮೆಲ್ಲಮೆಲ್ಲಗೆ ಕೆಂಚಿಯ ಮೈ ತಣ್ಣಗಾಯಿತು, ಒಂದು ಬೆಳಿಗ್ಗೆ ಅವಳೇ ಗಂಜಿ ಕೇಳಿ ಕುಡಿದಳು.

ಮರುವರ್ಷ ಮೊದಲ ಮಳೆ ಬಂತು. ಕೆಂಚಿ ಓಡಿಹೋಗಿ ಅಂಗಳದಲ್ಲಿ ನಿಂತು ಕಿವಿಗೊಟ್ಟಳು. ಪಟಪಟ ಅನ್ನುವ ಸದ್ದು ಬಿಟ್ಟರೆ ಒಂದು ಮಾತಿಲ್ಲ.

“ಅಜ್ಜೀ, ಇದು ನಮ್ಮ ಮಳೆತಾತ ಅಲ್ಲ, ಯಾರೋ ಬೇರೆಯವರು.”

ಮಾಕವ್ವ ಬಾಗಿಲಿಗೆ ಬಂದು ನಿಂತಳು. ಒಣ ನೆಲದಿಂದ ಒಂದು ವಾಸನೆ ಎದ್ದಿತು, ಆಗಷ್ಟೇ ಸುಟ್ಟ ಹೊಸ ಮಡಕೆಗೆ ನೀರು ಹಾಕಿದ ಹಾಗೆ. ಅವಳು ಕೆಂಚಿಯ ಒದ್ದೆ ತಲೆಯನ್ನು ಸೆರಗಿನಲ್ಲಿ ಒರೆಸುತ್ತ, “ಅವನೇ ಕಣೇ” ಅಂದಳು.

ಈಗಲೂ ಮಳೆ ನಿಂತು ನೀರು ಕಟ್ಟಿಕೊಂಡ ಕಡೆಗೆಲ್ಲ ಸೊಳ್ಳೆ ತೊಟ್ಟಿಲು ಕಟ್ಟಲು ಬರುತ್ತಾಳೆ, ಅದಕ್ಕೇ ತಿಳಿದವರು ಅಂಗಳದ ಪಾತ್ರೆಗಳನ್ನು ಬೋರಲು ಹಾಕುತ್ತಾರೆ. ಮೊದಲ ಮಳೆ ಬಿದ್ದೊಡನೆ ನೆಲ ಘಮ್ಮೆನ್ನುತ್ತದಲ್ಲ, ಅದು ಕೂರಲಾಗದ, ಮಾತಾಡಲಾಗದ ಅಣ್ಣ, ತಂಗಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ತೋರಿಸಿ, ‘ಬಂದೆ’ ಅನ್ನುವ ರೀತಿ.