ಡೆಸ್ಕಿನ ತೂತು, ಕಡ್ಲೆಮರಿಯ ಹೊಟ್ಟೆ

ಹೂಂ ಅಂತೀರಾ? ಹೂಂ ಅನ್ನದಿದ್ದರೆ ನನ್ನ ಕತೆ ನಡೆಯೋದಿಲ್ಲ, ದಾರೀಲೇ ಕೂತುಬಿಡುತ್ತೆ.

ಒಂದು ಹೇಂಟೆ ಇತ್ತು. ಹೆಸರು ಚುಕ್ಕಿ. ಚುಕ್ಕಿಗೆ ಒಂದೇ ಒಂದು ಮರಿ. ಹೆಸರು ಕಡ್ಲೆ. ಕಡ್ಲೆಯಷ್ಟು ಮರಿ, ಬೆಟ್ಟದಷ್ಟು ಹಸಿವು.

ವೀರಾಚಾರಿ ಅಂತ ಒಬ್ಬ ಬಡಗಿ. ಅವನ ಜಗಲಿಯ ಮೇಲೆ ಇಸ್ಕೂಲಿನ ಹಳೇ ಡೆಸ್ಕು. ಕಾಲು ಮುರಿದು ರಿಪೇರಿಗೆ ಬಂದಿತ್ತು. ಡೆಸ್ಕಿನ ಹಲಗೆಯಲ್ಲಿ ಒಂದು ದುಂಡು ತೂತು. ಹಿಂದೆ ಅಲ್ಲಿ ಮಸಿಕುಡಿಕೆ ಇಡುತ್ತಿದ್ದರು. ಹಲಗೆಯ ಕೆಳಗೆ ಪೆಟ್ಟಿಗೆ. ಪೆಟ್ಟಿಗೆಗೆ ಸುತ್ತಲೂ ಮೊಳೆ ಹೊಡೆದು ಭದ್ರ ಮಾಡಿದ್ದರು. ಒಳಗೆ ಮಕ್ಕಳು ಚೆಲ್ಲಿದ ಪುರಿ.

ಕಡ್ಲೆ ತೂತಿನಲ್ಲಿ ಇಣುಕಿತು. ಪುರಿ ಕಂಡಿತು. ಪುಳಕ್ ಅಂತ ಒಳಗಿಳಿಯಿತು. ತಿಂದಿತು, ತಿಂದಿತು, ತಿಂದಿತು. ಹೊಟ್ಟೆ ಗುಂಡಗಾಯಿತು. ಹೊರಗೆ ಬರಲು ಹಾರಿತು. ತಲೆ ಬಂತು. ಕತ್ತು ಬಂತು. ಹೊಟ್ಟೆ ಬರಲಿಲ್ಲ. ದೊಪ್ಪನೆ ಒಳಗೆ ಬಿತ್ತು.

ಚಿಂವ್ ಚಿಂವ್ ಚಿಂವ್ ಚಿಂವ್!

ಚುಕ್ಕಿಗೆ ಕೈಕಾಲೇ ಆಡಲಿಲ್ಲ. ಹೇಂಟೆಗೆ ಕೈ ಎಲ್ಲಿ ಅಂತೀರಾ? ಸರಿ, ಕಾಲು ಆಡಲಿಲ್ಲ, ರೆಕ್ಕೆ ಆಡಲಿಲ್ಲ. ಆಚಾರಿಯ ಹತ್ತಿರ ಓಡಿತು. ಡೆಸ್ಕು ಒಡೆದುಹಾಕು ಆಚಾರಣ್ಣಾ ಅಂತು.

"ಒಡೆದರೆ ಸಿಬಿರು ಮರಿಗೇ ಚುಚ್ಚುತ್ತೆ ಕಣಮ್ಮ," ಅಂದ ಆಚಾರಿ. "ಡೆಸ್ಕೂ ಹೋಯಿತು, ಮರಿಯೂ ಹೋಯಿತು. ತೂತನ್ನೇ ಹಿಗ್ಗಿಸಬೇಕು."

ಹಾಗಾದರೆ ಹಿಗ್ಗಿಸು ಅಂತು ಚುಕ್ಕಿ.

"ತಿರುಗಿಸೋ ಬೈರಿಗೆ ಹಿಡಿದು ಕೊರೆಯಬೇಕು. ಬೈರಿಗೆಯ ಮೂತಿಗೆ ಕಚ್ಚೋಕೆ ನಡುವೆ ಮರ ಬೇಕು. ಇಲ್ಲಿ ನಡುವೆ ಬರೀ ಗಾಳಿ. ಬೈರಿಗೆ ಕುಣಿಯುತ್ತೆ, ಹಲಗೆ ಸೀಳುತ್ತೆ. ಮೊದಲು ತೂತಿಗೆ ಬಿರಡೆ ಹಾಕಿ ಮುಚ್ಚಬೇಕು. ಆಮೇಲೆ ದೊಡ್ಡದು ಕೊರೆಯಬೇಕು. ಬಿರಡೆಗೆ ಮೆತ್ತನೆ ಮರ ಬೇಕು. ನುಗ್ಗೆ ಕೊಂಬೆ ತಾ."

ಚುಕ್ಕಿ ನುಗ್ಗೆಮರದ ಹತ್ತಿರ ಓಡಿತು.

"ಕೊಂಬೆ ಕೊಡು ನುಗ್ಗೆಯಮ್ಮಾ.
ನೀನು ಕೊಂಬೆ ಕೊಟ್ಟರೆ ಆಚಾರಿ ಬಿರಡೆ ಕೆತ್ತುತ್ತಾನೆ.
ಬಿರಡೆ ಕೆತ್ತಿದರೆ ತೂತು ಹಿಗ್ಗುತ್ತೆ.
ತೂತು ಹಿಗ್ಗಿದರೆ ನನ್ನ ಮರಿ ಬರುತ್ತೆ."

ನುಗ್ಗೆ ಕೊಡಲಿಲ್ಲ. ಮೈಯೆಲ್ಲ ಕಂಬಳಿಹುಳ, ಮೈಯೆಲ್ಲ ಕಡಿತ, ಬೂದಿ ಎರಚಿದರೆ ಕೊಂಬೆ, ಇಲ್ಲದಿದ್ದರೆ ಇಲ್ಲ ಅಂತು.

ಜಗಲಿಯಿಂದ ಕೇಳಿಸಿತು: ಚಿಂವ್ ಚಿಂವ್ ಚಿಂವ್.

ಚುಕ್ಕಿ ಪಕ್ಕದ ಮನೆ ಗಂಗಜ್ಜಿಯ ಅಡುಗೆಮನೆಗೆ ಓಡಿತು. ಅಲ್ಲಿ ಒಲೆ ಇತ್ತು.

"ಬೂದಿ ಕೊಡು ಒಲೆಯಪ್ಪಾ.
ನೀನು ಬೂದಿ ಕೊಟ್ಟರೆ ನುಗ್ಗೆ ಕೊಂಬೆ ಕೊಡುತ್ತೆ.
ಕೊಂಬೆ ಕೊಟ್ಟರೆ ಆಚಾರಿ ಬಿರಡೆ ಕೆತ್ತುತ್ತಾನೆ.
ಬಿರಡೆ ಕೆತ್ತಿದರೆ ತೂತು ಹಿಗ್ಗುತ್ತೆ.
ತೂತು ಹಿಗ್ಗಿದರೆ ನನ್ನ ಮರಿ ಬರುತ್ತೆ."

ಒಲೆ ಕೊಡಲಿಲ್ಲ. ಬೂದಿ ಉಂಟು, ಬೂದಿಯ ಮೇಲೆ ಬೆಕ್ಕು ಉಂಟು, ಎಬ್ಬಿಸು ನೋಡೋಣ ಅಂತು.

ಜಗಲಿಯಿಂದ ಕೇಳಿಸಿತು: ಚಿಂವ್ ಚಿಂವ್.

ಬೆಕ್ಕು! ಮರಿ ತಿನ್ನೋ ಬೆಕ್ಕು! ಬೆಕ್ಕಿನ ಹತ್ತಿರ ಮರಿಯ ವಿಷಯ ಹೇಳೋದೇ? ಹೇಳದೆ ಇರೋದು ಹೇಗೆ? ಚುಕ್ಕಿ ನಡುಗುತ್ತ ನಡುಗುತ್ತ ಹೇಳಿತು.

"ಎದ್ದೇಳು ಬೆಕ್ಕಣ್ಣಾ.
ನೀನು ಎದ್ದರೆ ಒಲೆ ಬೂದಿ ಕೊಡುತ್ತೆ.
ಬೂದಿ ಕೊಟ್ಟರೆ ನುಗ್ಗೆ ಕೊಂಬೆ ಕೊಡುತ್ತೆ.
ಕೊಂಬೆ ಕೊಟ್ಟರೆ ಆಚಾರಿ ಬಿರಡೆ ಕೆತ್ತುತ್ತಾನೆ.
ಬಿರಡೆ ಕೆತ್ತಿದರೆ ತೂತು ಹಿಗ್ಗುತ್ತೆ.
ತೂತು ಹಿಗ್ಗಿದರೆ ನನ್ನ ಮರಿ ಬರುತ್ತೆ."

ಬೆಕ್ಕು ಒಂದು ಕಣ್ಣು ತೆರೆಯಿತು. "ಮರಿಯಾ? ಎಲ್ಲಿದೆ?"

ಚುಕ್ಕಿ ಎರಡು ಹೆಜ್ಜೆ ಹಿಂದೆ ಸರಿಯಿತು.

"ಅಜ್ಜಿಯ ಎಮ್ಮೆ ಹಾಲು ಕೊಡ್ತಿಲ್ಲ. ಹೊಟ್ಟೆ ಖಾಲಿ," ಅಂತು ಬೆಕ್ಕು. "ಹಾಲು ಬಂದರೆ ಹಾಲಿಗೆ ಏಳ್ತೀನಿ. ಬರದಿದ್ದರೆ ಮರಿ ಹುಡುಕೋಕೆ ಏಳ್ತೀನಿ."

ಚುಕ್ಕಿ ಬಿದ್ದಂಬೀಳ ಕೊಟ್ಟಿಗೆಗೆ ಓಡಿತು. ಹೊತ್ತು ಇಳಿಯುತ್ತಿತ್ತು.

"ಹಾಲು ಕೊಡು ಎಮ್ಮೆಯಕ್ಕಾ.
ನೀನು ಹಾಲು ಕೊಟ್ಟರೆ ಬೆಕ್ಕು ಏಳುತ್ತೆ.
ಬೆಕ್ಕು ಎದ್ದರೆ ಒಲೆ ಬೂದಿ ಕೊಡುತ್ತೆ.
ಬೂದಿ ಕೊಟ್ಟರೆ ನುಗ್ಗೆ ಕೊಂಬೆ ಕೊಡುತ್ತೆ.
ಕೊಂಬೆ ಕೊಟ್ಟರೆ ಆಚಾರಿ ಬಿರಡೆ ಕೆತ್ತುತ್ತಾನೆ.
ಬಿರಡೆ ಕೆತ್ತಿದರೆ ತೂತು ಹಿಗ್ಗುತ್ತೆ.
ತೂತು ಹಿಗ್ಗಿದರೆ ನನ್ನ ಮರಿ ಬರುತ್ತೆ."

ಎಮ್ಮೆ ಕೊಡಲಿಲ್ಲ. ಕಿವಿಯ ಹಿಂದೆ ಉಣ್ಣೆಹುಳ ಕಚ್ಚಿದೆ, ಬಾಲ ಅಲ್ಲಿಗೆ ನಿಲುಕೋದಿಲ್ಲ, ಹಾಲು ಕರೆಯಲು ಬಂದ ಅಜ್ಜಿಗೂ ಒದ್ದಿದ್ದೇನೆ, ಹುಳ ಕೀಳುವವರನ್ನು ಕರೆದು ತಾ ಅಂತು.

ಜಗಲಿಯಿಂದ ಕೇಳಿಸಿತು: ಚಿಂ.

ಆಮೇಲೆ ಏನೂ ಕೇಳಿಸಲಿಲ್ಲ.

ಯಾರನ್ನು ಕರೆಯೋದು? ಕಾಗೆಯನ್ನೇ? ಕಾಗೆ ಗೂಡಿಗೆ ಹೋಯಿತು. ಕೊಕ್ಕರೆಯನ್ನೇ? ಕೊಕ್ಕರೆ ಕೆರೆಗೆ ಹೋಯಿತು. ಚುಕ್ಕಿ ಅತ್ತ ನೋಡಿತು, ಇತ್ತ ನೋಡಿತು, ಕೊನೆಗೆ ಕೆಳಗೆ ನೋಡಿತು. ಕಣ್ಣ ಮುಂದೆ, ಮೂತಿಯ ತುದಿಯಲ್ಲಿ, ಏನಿತ್ತು ಹೇಳಿ?

ಕೊಕ್ಕಿತ್ತು! ತನ್ನದೇ ಕೊಕ್ಕು. ಅವರಿವರನ್ನು ಬೇಡೀ ಬೇಡೀ ಅದು ಇರೋದೇ ಮರೆತುಹೋಗಿತ್ತು.

ಚುಕ್ಕಿ ಎಮ್ಮೆಯ ಬೆನ್ನಿಗೆ ಹಾರಿತು. ಕುಟುಕ್! ಹುಳ ಬಂತು.

ಹುಳ ಬಂತು, ಎಮ್ಮೆ ಹಾಲು ಕೊಟ್ಟಿತು.
ಅಜ್ಜಿ ಕರಟಕ್ಕೆ ಹಾಲು ಹಾಕಿದಳು, ಬೆಕ್ಕು ಎದ್ದಿತು.
ಬೆಕ್ಕು ಎದ್ದಿತು, ಒಲೆ ಬೂದಿ ಕೊಟ್ಟಿತು.

ಬೂದಿ ಹೊರೋದು ಹೇಗೆ? ಚುಕ್ಕಿ ಬೂದಿಯಲ್ಲಿ ಹೊರಳಿತು. ಮೈತುಂಬ ಬೂದಿ. ಹಾಗೇ ಓಡಿ ನುಗ್ಗೆಮರ ಹತ್ತಿ ರೆಕ್ಕೆ ಒದರಿತು. ಹುಳಗಳು ಪಟಪಟ ಉದುರಿದವು.

ಹುಳ ಉದುರಿದವು, ನುಗ್ಗೆ ಕೊಂಬೆ ಕೊಟ್ಟಿತು.
ಕೊಂಬೆ ಕೊಟ್ಟಿತು, ಆಚಾರಿ ಬಿರಡೆ ಕೆತ್ತಿದ.

ಬಿರಡೆಯನ್ನು ತೂತಿಗೆ ಮೆಲ್ಲಗೆ ಕೂರಿಸಿದ. ತೂತು ಮುಚ್ಚಿಹೋಯಿತು. ಒಳಗೆ ಕಗ್ಗತ್ತಲೆ.

"ಮರಿ ಬಿರಡೆಯ ಕೆಳಗೇ ಇದ್ದರೆ ಬೈರಿಗೆ ತಾಗೀತು," ಅಂದ ಆಚಾರಿ. "ಅದನ್ನ ಮೂಲೆಗೆ ಕರೆಯಮ್ಮ. ನಾನು ಕರೆದರೆ ಬರೋದಿಲ್ಲ, ನೀನು ಕರೆದರೇ ಬರೋದು."

ಚುಕ್ಕಿ ಡೆಸ್ಕಿನ ಮೂಲೆಗೆ ಹೋಗಿ ಕುಟುಕಿತು. ಟಕ್ ಟಕ್. "ಬಾ ಕಂದಾ, ಅಮ್ಮ ಇಲ್ಲಿದ್ದೀನಿ."

ಸದ್ದಿಲ್ಲ.

ಟಕ್ ಟಕ್. "ಬಾ ಕಂದಾ, ಅಮ್ಮ ಇಲ್ಲಿದ್ದೀನಿ."

ಸದ್ದಿಲ್ಲ.

ಟಕ್ ಟಕ್.

ಒಳಗಿನಿಂದ, ಅದೇ ಮೂಲೆಯಿಂದ, ಮೆಲ್ಲಗೆ: ಟಕ್.

"ಬಂದಿದೆ!" ಅಂತು ಚುಕ್ಕಿ.

ಆಚಾರಿ ದೊಡ್ಡ ಬೈರಿಗೆ ಹಿಡಿದ. ಬೈರಿಗೆ ಬಿರಡೆಯ ನಡುವೆ ಕಚ್ಚಿತು. ಕುಣಿಯಲಿಲ್ಲ. ಗರಗರ, ಗರಗರ, ಗರಗರ. ಬಿರಡೆ ಪುಡಿಯಾಯಿತು. ತೂತು ಹಿಗ್ಗಿತು. ಹಲಗೆಯಲ್ಲಿ ಒಂದು ಗೀರಿಲ್ಲ, ಒಂದು ಸೀಳಿಲ್ಲ.

ತಲೆ ಬಂತು. ಕತ್ತು ಬಂತು. ಹೊಟ್ಟೆ...

ಹೊಟ್ಟೆಯೂ ಬಂತು!

ಚುಕ್ಕಿ ಮರಿಯನ್ನು ರೆಕ್ಕೆಯೊಳಗೆ ಎಳೆದುಕೊಂಡಿತು. ಬೂದಿ ಮೈಯ ಅಮ್ಮ, ಮರದ ಪುಡಿ ಮೈಯ ಮರಿ. ಚುಕ್ಕಿಗೆ ಈಗ ಅಳು ಬಂತು, ತಡೆಯಲೇ ಆಗಲಿಲ್ಲ.

ಕಡ್ಲೆ ರೆಕ್ಕೆಯಿಂದ ತಲೆ ಹೊರಗೆ ಹಾಕಿತು. "ಅಮ್ಮಾ, ಒಳಗೆ ಇನ್ನೂ ಪುರಿ ಇದೆ," ಅಂತು. ತೂತಿನ ಕಡೆ ಕತ್ತು ಚಾಚಿತು.

ಚುಕ್ಕಿ ಒಂದೇ ನೆಗೆತಕ್ಕೆ ಡೆಸ್ಕಿನ ಮೇಲೆ ಹತ್ತಿತು. ತೂತಿನ ಮೇಲೇ ಕೂತುಬಿಟ್ಟಿತು. ಆಚಾರಿ ಏಳು ಅಂದ, ಏಳಲಿಲ್ಲ. ಡೆಸ್ಕಿನ ಕಾಲು ಜೋಡಿಸಬೇಕು ಅಂದ, ಏಳಲಿಲ್ಲ. ಮರಿ ಪಕ್ಕದಲ್ಲಿ ನಿದ್ದೆಹೋದ ಮೇಲೂ ಏಳಲಿಲ್ಲ.

ಈಗ ಆ ತೂತಿಗೆ ಚುಕ್ಕಿಯೇ ಬಿರಡೆ. ತೂತೂ ಮುಚ್ಚಿತು, ನನ್ನ ಬಾಯೂ ಮುಚ್ಚಿತು. ನೀವೂ ಅಮ್ಮನ ಪಕ್ಕ ಮಲಗಿ.