ಪಂಪಣ್ಣನ ಬ್ಯಾಕ್‌ಹ್ಯಾಂಡು

ಕೇಳಿ, ಕೇಳಿ, ನಗೋದು ಆಮೇಲೆ ಇದ್ದೇ ಇದೆ. ಹೊಸಪೇಟೆಯಲ್ಲಿ ಹಂಪಮ್ಮ ಅಂತ ಒಬ್ಬಾಕೆ, ಆಕೆಗೆ ಪಂಪಣ್ಣ ಅಂತ ಒಬ್ಬನೇ ಮಗ. ವಯಸ್ಸು ನಲವತ್ತು, ಪಾತ್ರೆ ಅಂಗಡಿ, ಬುದ್ಧಿ ಮಾತ್ರ ಇನ್ನೂ ಬರಬೇಕು.

"ದೇವರೇ, ಇವನಿಗೆ ಯಾವಾಗ ತಿಳಿವಳಿಕೆ ಕೊಡ್ತೀಯಪ್ಪಾ!" ಅಂತ ಅವ್ವ ದಿನಾ ಹಣೆ ಚಚ್ಚಿಕೊಳ್ಳೋಳು.

"ನನ್ನ ತಲೆ ನಮ್ಮಂಗಡಿ ಕೊಳಗ ಇದ್ದಂಗೆ ಕಣವ್ವ," ಅನ್ನೋನು ಮಗ. "ಹಾಕಿದ್ದೆಲ್ಲ ಉಳಿಯುತ್ತೆ. ಯಾವಾಗ ತೆಗೀಬೇಕು ಅನ್ನೋದೇ ಗೊತ್ತಾಗಲ್ಲ." ತನ್ನನ್ನು ತಾನೇ ಆಡಿಕೊಳ್ಳೋದರಲ್ಲಿ ಅವನನ್ನು ಮೀರಿಸೋರಿಲ್ಲ ಬಿಡಿ.

ಇಂಥವನಿಗೆ ಟೆನಿಸ್ ಹುಚ್ಚು! ಕ್ಲಬ್ಬಲ್ಲಿ ಮೂರು ವರ್ಷ ಆಡಿದ, ಒಂದು ಮ್ಯಾಚೂ ಗೆಲ್ಲಲಿಲ್ಲ. ಸೆಕ್ರೆಟರಿ ಕಡ್ಡಿ ಮುರಿದಂಗೆ ಹೇಳಿಬಿಟ್ಟರು: "ಈ ಭಾನುವಾರದ ಮ್ಯಾಚ್ ಗೆಲ್ಲು. ಇಲ್ಲಾಂದ್ರೆ ಕೋರ್ಟ್ ಬಿಟ್ಟು ಕೇರಂ ಆಡ್ಕೊಂಡಿರು." ಕೋರ್ಟಿಗೆ ಇಳಿಯದಿದ್ದರೆ ಪಂಪಣ್ಣನಿಗೆ ಅನ್ನ ಸೇರೋದಿಲ್ಲ. ಕೋಚ್ ಖಾಸಿಂ ಸಾಬರ ಹತ್ರ ಓಡಿದ.

"ನಿಮ್ಮ ಫೋರ್‌ಹ್ಯಾಂಡು ಅರ್ಧಕ್ಕೇ ನಿಲ್ಲುತ್ತೆ ಕಣ್ರಿ," ಅಂದರು ಸಾಬರು. "ಕೈ ತಡೀಬೇಡಿ! ಎಡ ಭುಜದ ಮೇಲೆ ಬರೋ ತನಕ ಬೀಸಿ!"

"ಆಗಲಿ ಸಾಬ್ರೆ!"

ಅವತ್ತೇ ಮಧ್ಯಾಹ್ನ ಸೋದರಮಾವನ ಮನೆ ಗೃಹಪ್ರವೇಶ. ಪಂಪಣ್ಣ ಸಾಂಬಾರ್ ಬಡಿಸೋಕೆ ನಿಂತ. ಸೌಟು ಅದ್ದಿದ, ಎತ್ತಿದ, ಕೈ ತಡೀಲಿಲ್ಲ, ಎಡ ಭುಜದ ಮೇಲೆ ಬರೋ ತನಕ ಬೀಸಿದ! ಎಲೆಗೆ ಒಂದು ಹನಿ ಬೀಳಲಿಲ್ಲ. ಹಿಂದೆ ನಿಂತಿದ್ದ ಮಾವನ ಬಿಳಿ ಅಂಗಿ ತುಂಬ ನುಗ್ಗೆಕಾಯಿ.

"ಅಯ್ಯೋ ನನ್ನ ಕರ್ಮವೇ!" ಅಂದಳು ಅವ್ವ. "ಬಗ್ಗಬೇಕು ಕಣೋ! ಎದುರಿಗಿರೋರ ಮುಂದೆ ಮೆಲ್ಲಗೆ ಬಿಡಬೇಕು!"

"ಆಗಲಿ ಕಣವ್ವ!"

ಮರುದಿನ ಕೋರ್ಟಲ್ಲಿ ಬಗ್ಗಿದ. ಒಂದೊಂದು ಚೆಂಡನ್ನೂ ಎದುರಿನವನ ಮುಂದೆ ಮೆಲ್ಲಗೆ ಬಿಟ್ಟ. "ಇನ್ನೊಂದು ಸ್ವಲ್ಪ ಹಾಕಲಾ?" ಅಂತ ಉಪಚಾರ ಬೇರೆ!

"ಊಟಕ್ಕೆ ಕರೆದಿದ್ದೀರೇನ್ರಿ?" ಸಾಬರು ಕೂಗಿದರು. "ಎಡಕ್ಕೆ ಬಂದದ್ದಕ್ಕೆ ಬ್ಯಾಕ್‌ಹ್ಯಾಂಡು! ಪಕ್ಕಕ್ಕೆ ತಿರುಗಿ, ಯಾರೂ ಇಲ್ಲದ ಮೂಲೆಗೆ ಬಾರಿಸಿ!"

"ಆಗಲಿ ಸಾಬ್ರೆ!"

ಸಂಜೆ ಬೂದಯ್ಯ ಮೇಷ್ಟ್ರು ಮನೆಗೆ ಬಂದರು. ಓಣಿಗೇ ಹಿರಿಯರು, ಮಠದ ಮನೆತನ, ಕ್ಲಬ್ಬಿನ ಹಳೇ ಆಟಗಾರರು. "ತಗೋಪ್ಪ ಪ್ರಸಾದ," ಅಂತ ಎಡಗಡೆಯಿಂದ ಬಾಳೆಹಣ್ಣು ಚಾಚಿದರು. ಎಡಗಡೆಯಿಂದ! ಪಂಪಣ್ಣ ಪಕ್ಕಕ್ಕೆ ತಿರುಗಿದ, ಹಿಂಗೈಯಲ್ಲಿ ಬಾರಿಸಿದ. ಹಣ್ಣು ಯಾರೂ ಇಲ್ಲದ ಮೂಲೆಗೆ ಹೋಗಿ ಪಚಕ್ಕಂತು.

ಅವ್ವನಿಗೆ ಅಳುವೇ ಬಂತು. "ಪಾಪಿ! ಮೇಷ್ಟ್ರು ಏನು ಕೊಟ್ಟರೂ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೋಬೇಕು!"

"ಆಗಲಿ ಕಣವ್ವ, ಆಗಲಿ!"

ಭಾನುವಾರ ಬಂತು. ಎದುರಾಳಿ ಯಾರಂತೀರಿ? ಅದೇ ಬೂದಯ್ಯ ಮೇಷ್ಟ್ರು! ಹೆದರಿಕೆಗೆ ಪಂಪಣ್ಣ ಯೋಚನೆ ಮಾಡೋದನ್ನೇ ಮರೆತ. ಮರೆತದ್ದೇ ಒಳ್ಳೇದಾಯ್ತು! ಫೋರ್‌ಹ್ಯಾಂಡು ಭುಜದ ತನಕ ಬಂತು, ಬ್ಯಾಕ್‌ಹ್ಯಾಂಡು ಮೂಲೆಗೆ ಹೋಯ್ತು. ಇಬ್ಬರೂ ಸಮ ಸಮ. ಇನ್ನು ಒಂದೇ ಪಾಯಿಂಟು, ಗೆದ್ದವರದೇ ಮ್ಯಾಚು.

ಮೇಷ್ಟ್ರು ಬೀಸಿದರು. ಚೆಂಡು ಎತ್ತರಕ್ಕೆ ಹಾರಿ ಗೆರೆ ದಾಟಿ ಹೊರಗೆ ಹೊರಟಿತು.

"ಬಿಡಿ! ಔಟು! ಮುಟ್ಟಬೇಡಿ!" ಸಾಬರು ಕುಣಿದರು.

ಆದರೆ ಕೊಟ್ಟವರು ಮೇಷ್ಟ್ರಲ್ವಾ! ಪಂಪಣ್ಣ ರಾಕೆಟ್ ಎಸೆದ, ಓಡಿದ, ಚೆಂಡು ನೆಲಕ್ಕೆ ಬೀಳೋ ಮೊದಲೇ ಎರಡೂ ಕೈಯಲ್ಲಿ ಹಿಡಿದ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡ.

"ಹಿಡಿದರೆ ಪಾಯಿಂಟು ಮೇಷ್ಟ್ರಿಗೆ! ಮ್ಯಾಚೂ ಅವರದೇ!" ಅಂದ ಅಂಪೈರ್.

ಗ್ಯಾಲರಿಯಲ್ಲಿ ಅವ್ವ ಸೆರಗಿಂದ ಮುಖ ಮುಚ್ಚಿಕೊಂಡಳು. ಪಂಪಣ್ಣ ಅವಳ ಕಡೆ ನೋಡಿದ, ಪಾಪ ಅನ್ನಿಸಿತು. ಮೇಷ್ಟ್ರ ಕಡೆ ಬಲಗೈ ಚಾಚಿ ಕೇಳಿದ: "ಅವ್ವನಿಗೂ ಒಂದು ಕೊಡಿ ಮೇಷ್ಟ್ರೆ!"